ನೈರೋಬಿಯ ಸೂಜಿಹೂವಿನ ಗಿಡ ಸತ್ತದ್ದು ಹೇಗೆ

ಭಾಲ್ಕಿ

ಊರಲ್ಲಿ ಹರಿದಾಡುತ್ತಿರುವ ಕಥೆ ಹೀಗಿದೆ. ಆಫ್ರಿಕಾದ ನೈರೋಬಿಯಲ್ಲಿ ನಮ್ಮ ಮಾಣಿಕಪ್ಪ ಮಾಮ ಇದ್ದ ಮನೆಯಂಗಳದಲ್ಲಿ ಒಂದು ಅಪರೂಪದ ಹೂಗಿಡವಿತ್ತು. ಅಲ್ಲಿನ ಕರಿ ಮಾಲಿ ಹೊಟ್ಟೆಕಿಚ್ಚಿಗೆ ಅದಕ್ಕೆ ವಿಷ ಹಾಕಿದ. ಗಿಡ ಸತ್ತಿತು, ಮಾಲಿ ಸಿಕ್ಕಿಬಿದ್ದ, ಮನೆಯೊಡತಿ ಅವನನ್ನು ಓಡಿಸಿದಳು. ಈ ಕಥೆ ಪಕ್ಕದ ಭಾತಂಬ್ರಾ ಮುಟ್ಟುವಷ್ಟರಲ್ಲಿ ವಿಷ ಹೋಗಿ ತೇಜಾಬು, ಅಂದರೆ ಆಸಿಡ್ಡು, ಆಗಿತ್ತು. ಮೆಹಕರದ ಒಬ್ಬರು ಅದು ಹಾವಿನ ವಿಷವೆಂದು ನನಗೇ ತಿಳಿಸಿ ಹೇಳಿದರು. ನಾನು ಅಲ್ಲೇ ಇದ್ದೆನಲ್ಲ ಎಂದರೆ, “ಇದ್ದಿರಬೇಕ್ರಿ, ಖರೇ ಸಂಗತಿ ನಿಮಗ ಗೊತ್ತಾಗಿರಲಿಕ್ಕಿಲ್ಲ” ಎಂದುಬಿಟ್ಟರು.

ಹೈದರಾಬಾದಿನ ಕಾಲೇಜಿನಲ್ಲಿ ನಮಗೆ ಚರ್ಚೆ ಕಲಿಸಿದ ಮೇಷ್ಟ್ರು ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಆಮೇಲೆ ಎರಡೇ ಪ್ರಶ್ನೆ ಹಾಕಿ ಎನ್ನುತ್ತಿದ್ದರು: ಕಣ್ಣಾರೆ ಕಂಡವರು ಯಾರು? ಲಾಭ ಯಾರಿಗೆ? ಮಾಲಿಯ ಕಥೆಗೆ ಈ ಎರಡು ಪ್ರಶ್ನೆ ಹಾಕಿದರೆ ಅದು ಎರಡು ನಿಮಿಷ ನಿಲ್ಲುವುದಿಲ್ಲ. ನಿಲ್ಲದ ಕಥೆ ವರ್ಷವಾದರೂ ನಮ್ಮ ಓಣಿಯಲ್ಲಿ ನಿಂತೇ ಇದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಾಣಿಕಪ್ಪ ಮಾಮ ಎಂದರೆ ನನ್ನ ತಾಯಿಯ ತಮ್ಮ, ನೈರೋಬಿಯ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಅವನ ಹೆಂಡತಿ ಶರಣಮ್ಮ ಅತ್ತೆಯ ತವರು ಔರಾದ. ಮದುವೆಯಾದಂದಿನಿಂದ ಅತ್ತೆ ಇಲ್ಲಿ ನಮ್ಮ ಮನೆಯಲ್ಲಿ, ಮಾಮ ಅಲ್ಲಿ. ಕಡೆಗೊಮ್ಮೆ ಒಂದು ಒಳ್ಳೆಯ ಮನೆ ಸಿಕ್ಕಿದೆ, ಕರೆದುಕೊಂಡು ಬನ್ನಿ, ಹಿಡಿಸಿದರೆ ಇಲ್ಲೇ ಉಳಿಯಲಿ ಎಂದು ಅವನು ಬರೆದ. ಅತ್ತೆಗೆ ಕನ್ನಡ, ಮರಾಠಿ, ದಖನಿ ಮೂರೂ ಬರುತ್ತವೆ, ಇಂಗ್ಲಿಷ್ ಬಾರದು. ಇಂಗ್ಲಿಷ್ ಬರುವವಳು, ಮನೆಯಲ್ಲಿದ್ದರೆ ಎಲ್ಲರ ಜೊತೆ ವಾದ ಮಾಡುವವಳು ನಾನೊಬ್ಬಳು. ನನ್ನನ್ನು ಜೊತೆಗೆ ಕಳಿಸಲು ಮನೆಯವರು ಒಪ್ಪಿದ ವೇಗ ನೋಡಿದರೆ ಎರಡನೆಯ ಕಾರಣವೇ ದೊಡ್ಡದಿರಬೇಕು.

ಮೊಂಬಾಸಾ

ಹಡಗಿನ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಮುಂಬೈ ಬಿಟ್ಟ ಮೇಲೆ ಕಂಡದ್ದು ಹಡಗಿನ ಬಕೆಟ್ಟು ಮಾತ್ರ. ಅತ್ತೆ ಮಾತ್ರ ಡೆಕ್ಕಿನ ಮೇಲೆ ಕೂತು ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಹೋಗಿಬರುವವರಿಗೆಲ್ಲ ಹಂಚುತ್ತಿದ್ದಳು.

ಮೊಂಬಾಸಾ ಬಂದರಿನಲ್ಲಿ ಕಸ್ಟಮ್ಸಿನವನು ಅವಳ ಗಂಟು ಬಿಚ್ಚಿಸಿದ. ವಿಭೂತಿಯ ಗಟ್ಟಿ ಹಿಡಿದು ಬೆಳಕಿಗೆ ನೋಡಿದ, ಕೆರೆದ, ಮೂಸಿದ.

“ಅವಗ ಹೇಳು ಪೋರಿ, ಅದು ಹಣಿಗಿ ಹಚ್ಚಿಕೊಳ್ಳೋದು ಅಂತ. ತಿನ್ನಬ್ಯಾಡಂತ ಹೇಳು.”

ಹೇಳಿದೆ. ಅವನು ನಂಬಲಿಲ್ಲ. ಮುಂದೆ ಚಟ್ನಿಪುಡಿಯ ಡಬ್ಬಿ ತೆರೆದ. ಅದಕ್ಕೂ ಮೂಗು ಒಡ್ಡಿದ. ಆಮೇಲೆ ಆ ಬಿಳಿ ಮನುಷ್ಯ ಸೀನಿದ ಸೀನಿಗೆ ಸಾಲಿನಲ್ಲಿದ್ದವರೆಲ್ಲ ಹಿಂದೆ ಸರಿದರು. ಅತ್ತೆ ಸೆರಗಿನಿಂದ ಅವನ ಮೂಗು ಒರೆಸಲು ಹೋದಳು. ನಾನು ಅವಳ ಕೈ ಹಿಡಿದು ಎಳೆಯದಿದ್ದರೆ ನಮ್ಮ ಪ್ರವಾಸ ಅಲ್ಲೇ ಮುಗಿಯುತ್ತಿತ್ತು.

ನಗು ರೈಲ್ವೆ ನಿಲ್ದಾಣದವರೆಗೆ ಇತ್ತು. ಅಲ್ಲಿ ಬೋರ್ಡುಗಳಿದ್ದವು. ಯುರೋಪಿಯನ್ನರಿಗೆ ಒಂದು ಬಾಗಿಲು, ಏಷ್ಯನ್ನರಿಗೆ ಒಂದು, ಆಫ್ರಿಕನ್ನರಿಗೆ ಇನ್ನೊಂದು. ಇಂಥದ್ದಿದೆ ಎಂದು ಓದಿದ್ದೆ. ಓದುವುದು ಬೇರೆ; ಆ ಬೋರ್ಡಿನ ಕೆಳಗೆ ನಿಂತು ನನ್ನ ಬಾಗಿಲು ಯಾವುದು ಎಂದು ಹುಡುಕುವುದು ಬೇರೆ. ಒಂದೊಂದನ್ನೂ ಓದಿ ಅತ್ತೆಗೆ ಅರ್ಥ ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಸಡಿಲವಾಯಿತು.

“ಹೌದಾ? ಹಂಗಾರ ಇಲ್ಲೂ ನಮ್ಮಂಗೇ ಅದ ಅನ್ನು. ನಾ ಸುಮ್ಮಕ ಅಂಜಿದ್ದೆ.”

ಅದಕ್ಕೆ ಪ್ರತಿವಾದ ಹೂಡಲು ಬಾಯಿ ತೆರೆದೆ. ಭಾಲ್ಕಿ ಸ್ಟೇಷನ್ನಿನ ಹತ್ತಿರದ ಚಹಾದ ಅಂಗಡಿಯಲ್ಲಿ ಕೆಲವರಿಗೆಂದೇ ಗೋಡೆಯಾಚೆ ಇಟ್ಟ ಲೋಟಗಳು ಕಣ್ಣಮುಂದೆ ಬಂದವು.

ನೈರೋಬಿ

ಮಾಮನ ಮನೆ ಎಂದರೆ ಒಂದು ದೊಡ್ಡ ಬಂಗಲೆಯ ಹಿಂದಿನ ಎರಡು ಕೋಣೆ. ಬಂಗಲೆ ಒಬ್ಬ ಗುಜರಾತಿ ವಿಧವೆಯದು. ಎಲ್ಲರೂ ಆಕೆಯನ್ನು ‘ಬಾ’ ಎನ್ನುತ್ತಿದ್ದರು, ಅವರ ಭಾಷೆಯಲ್ಲಿ ತಾಯಿ ಎಂದು. ಆಕೆಯ ಗಂಡ ಮೊದಲು ಆಫ್ರಿಕಾದ ದಕ್ಷಿಣದ ತುದಿಯಲ್ಲಿ, ಕೇಪ್ ಎನ್ನುವಲ್ಲಿ ಅಂಗಡಿ ಇಟ್ಟಿದ್ದರಂತೆ. ಅಲ್ಲಿಂದ ಬರುವಾಗ ಎರಡು ಗಿಡಗಳನ್ನು ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಒಂದು ಬಂಗಲೆಯ ಮುಂದೆ, ಇನ್ನೊಂದು ನಮ್ಮ ಬಾಗಿಲೆದುರು.

ಆ ಗಿಡ ನನ್ನ ಎದೆಯೆತ್ತರ. ಗಡುಸು ಎಲೆ, ತುದಿಯಲ್ಲಿ ಕೆಂಪು ಹಲ್ಲು. ಕೊಂಬೆಗೊಂದು ದುಂಡು ಹೂವು. ದರ್ಜಿ ಸೂಜಿ ಚುಚ್ಚಿಡುವ ಪುಟ್ಟ ಗಾದಿ ನೋಡಿದ್ದೀರಲ್ಲ, ಥೇಟ್ ಅದು. ಕಿತ್ತಳೆ ಬಣ್ಣದ ಸೂಜಿಗಳು, ಪ್ರತಿಯೊಂದಕ್ಕೂ ಹಳದಿ ತಲೆ. ಮಾಮ ಅದರ ಇಂಗ್ಲಿಷ್ ಹೆಸರು ಪಿನ್‌ಕುಶನ್ ಎಂದ. ಅತ್ತೆ ನಿಂತ ನಿಲುವಿಗೆ ‘ಸೂಜಿಹೂವು’ ಎಂದು ಹೆಸರಿಟ್ಟಳು. ಅದು ಮಳೆಯಿಲ್ಲದ ತಿಂಗಳು. ಹುಲ್ಲು ಕೂಡ ಒಣಗಿತ್ತು. ಇದು ಮಾತ್ರ ಬರೀ ಕಲ್ಲುಹರಳಿನ ಮಡಿಯಲ್ಲಿ, ನೀರು ಕಾಣದೆ, ಹಬ್ಬದ ಹುಡುಗಿಯಂತೆ ನಿಂತಿತ್ತು. ಇದನ್ನು ನಂಬಬಾರದು ಎಂದು ಬುದ್ಧಿ ಹೇಳಿತು. ಬಗ್ಗಿ ಹರಳು ಕೆದಕಿ ನೋಡಿದೆ. ಬೆರಳು ಹೋದಷ್ಟೂ ಒಣಗಿತ್ತು.

ಬಾ ಮಗಳ ಬಾಣಂತನಕ್ಕೆಂದು ಕಿಸುಮು ಊರಿಗೆ ಹೊರಟಿದ್ದರು. ಹೋಗುವ ಮುನ್ನ ನಮ್ಮ ಮೂವರನ್ನೂ ಮಾಲಿಯನ್ನೂ ಗಿಡದ ಮುಂದೆ ನಿಲ್ಲಿಸಿ ತಮ್ಮ ಹಿಂದಿಯಲ್ಲಿ ಹೇಳಿದರು: “ಇದು ನನ್ನ ಯಜಮಾನರ ಕೈಯ ಗಿಡ. ವಾರಕ್ಕೊಂದು ಸಲ ನೀರು. ಮತ್ತೇನೂ ಹಾಕಕೂಡದು. ಏನೂ ಅಂದರೆ ಏನೂ ಇಲ್ಲ. ನಾನು ಬಂದಾಗ ಇದು ಹೀಗೇ ಇದ್ದರೆ ನೀವೂ ಇಲ್ಲಿ ಹೀಗೇ ಇರಿ.”

ಇರದಿದ್ದರೆ ಮನೆ ಬಿಡಿ ಎಂದು ಅರ್ಥ. ಆ ಊರಲ್ಲಿ ನಮ್ಮಂಥವರಿಗೆ ಏಷ್ಯನ್ನರ ಓಣಿಗಳಲ್ಲಿ ಮಾತ್ರ ಮನೆ, ಅದೂ ಸುಲಭಕ್ಕೆ ಸಿಗದು. ಮಾಮ ತಲೆಯಾಡಿಸಿದ. ಅತ್ತೆ ಒಳಗೆ ಬಂದ ಮೇಲೆ ಗೊಣಗಿದಳು.

“ಎಂಥಾ ಜಿಪುಣಿ ಅವ್ವಾ ಇಕಿ! ಗಿಡಕ್ಕ ಸೈತ ಉಪಾಸ ಹಾಕ್ತಾಳ.”

“ಆ ಗಿಡಾನೇ ಹಂಗ ಅದ,” ಎಂದ ಮಾಮ.

“ಉಣಲಾರದ್ದು ಯಾವುದ್ರಿ ಅದ ಈ ಭೂಮಿ ಮ್ಯಾಲ?”

ಇಲ್ಲಿ ಅತ್ತೆಯ ತವರಿನ ಒಂದು ರೂಢಿ ಹೇಳಬೇಕು. ಅವರ ಮನೆಯಲ್ಲಿ ಹಿತ್ತಿಲಿನ ಗಿಡಗಳಿಗೆ ಏನಾದರೂ ಹಾಕದೆ ಹೆಂಗಸರು ಊಟಕ್ಕೆ ಕೂರುವುದಿಲ್ಲ. ಸಗಣಿ ನೀರೋ, ನೆನೆಸಿದ ಶೇಂಗಾ ಹಿಂಡಿಯೋ, ಏನೂ ಇಲ್ಲದಿದ್ದರೆ ಅಕ್ಕಿ ತೊಳೆದ ನೀರೋ. ಮದುವೆಯಾಗಿ ಬಂದ ಮರುದಿನವೇ ಅತ್ತೆ ಭಾಲ್ಕಿಯ ನಮ್ಮ ಕರಿಬೇವಿಗೆ ಒಂದು ಬುಟ್ಟಿ ಗೊಬ್ಬರ ಹಾಕಿದ್ದನ್ನು ಈಗಲೂ ಹೇಳುತ್ತಾರೆ.

ಮುತಿಸೊ

ಮಾಲಿಯ ಹೆಸರು ಮುತಿಸೊ. ಮಚಾಕೋಸ್ ಎಂಬ ಊರಿನ ಕಡೆಯ ಕಂಬಾ ಜನ. ಗುಜರಾತಿಗಳ ಮನೆಯಲ್ಲಿ ದುಡಿದು ದುಡಿದು ಒಂದು ಬಗೆಯ ಹಿಂದಿ ಕಲಿತಿದ್ದ. ನನ್ನ ಹಿಂದಿಯೂ ದಖನಿಯಾದ್ದರಿಂದ ಇಬ್ಬರಿಗೂ ಸರಿಹೋಯಿತು. ನಾನು ಮಾಮನ ಜೊತೆ ವಾದ ಮಾಡುವುದನ್ನು ದಿನವೂ ಕೇಳುತ್ತಿದ್ದವನು ಒಮ್ಮೆ ಕೇಳಿದ: “ನಿಮ್ಮ ದೇಶದಲ್ಲಿ ಹೀಗೆ ಮಾತಾಡಿದರೆ ಪಗಾರ ಕೊಡುತ್ತಾರಾ?”

“ಕೊಡುತ್ತಾರೆ. ವಕೀಲರಿಗೆ.”

“ಹಾಗಾದರೆ ನನ್ನ ಹೆಂಡತಿಯನ್ನು ಮುಂದಿನ ಹಡಗಿಗೆ ಹತ್ತಿಸುತ್ತೇನೆ.”

ಅವನ ಜೇಬಿನಲ್ಲಿ ಸದಾ ಒಂದು ಸಣ್ಣ ಪುಸ್ತಿಕೆ ಇರುತ್ತಿತ್ತು. ಕೆಲಸ ಕೊಟ್ಟವರ ಸಹಿ ಅದರಲ್ಲಿರಬೇಕು. ಸಹಿಯಿಲ್ಲದೆ ಸಿಕ್ಕಿಬಿದ್ದರೆ ಪೊಲೀಸರು ಊರಾಚೆಗೆ ಹಾಕುತ್ತಾರೆ. “ನಿನ್ನ ದೇಶದಲ್ಲಿ ನಿನಗೇ ಚೀಟಿಯಾ?” ಎಂದೆ. ಅವನು ನನ್ನನ್ನು ಮಗುವನ್ನು ನೋಡುವಂತೆ ನೋಡಿ ಪುಸ್ತಿಕೆ ಒಳಗಿಟ್ಟ.

ಅತ್ತೆ ಅವನಿಗೆ ದಿನವೂ ಚಹಾ ಕೊಡುತ್ತಿದ್ದಳು. ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದ ತಗಡಿನ ಮಗ್ಗಿನಲ್ಲಿ, ಎತ್ತರದಿಂದ ಸುರಿದು. ಸಕ್ಕರೆ ಮಾತ್ರ ನಮಗಿಂತ ಹೆಚ್ಚು. “ಪಾಪ, ಬಿಸಿಲಾಗ ದುಡಿತಾನ” ಎನ್ನುತ್ತಿದ್ದಳು. ಕರುಣೆಯೂ ಆ ಮಗ್ಗೂ ಒಂದೇ ಕೈಯಲ್ಲಿದ್ದವು. ಇದನ್ನು ಕುರಿತು ನಾನು ಮಾಡಿದ ಭಾಷಣಕ್ಕೆ ಅವಳು ಕೊಟ್ಟ ಉತ್ತರ, “ಚಹಾ ಆರ್ತದ, ಕುಡಿ.”

ಒಂದು ದಿನ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಅವಳು ಸೂಜಿಹೂವಿನತ್ತ ಹೊರಟಳು. ಮುತಿಸೊ ಅಡ್ಡ ಬಂದು ಬೆರಳು ಆಡಿಸಿದ. ಅವಳು ಇವನತ್ತ ಕಣ್ಣುಬಿಟ್ಟಳು, ನೀರನ್ನು ಗುಲಾಬಿಗೆ ಸುರಿದಳು. “ಮೈಗಳ್ಳ ಅದಾನ. ಹೂವು ಹೆಚ್ಚಾದ್ರ ಕಸ ಹೆಚ್ಚಾಗ್ತದಂತ ಅಂಜಿಕಿ ಇವಗ” ಎಂದಳು. ನಾನು ನಕ್ಕು ಪುಸ್ತಕ ಬಿಡಿಸಿದೆ.

ಕೆಲವು ವಾರಗಳಲ್ಲಿ ಎಲೆಗಳು ಹಳದಿಯಾದವು. ಆಮೇಲೆ ಅಂಚು ಸುಟ್ಟಂತೆ ಕಪ್ಪಾದವು. ಸೂಜಿಗಳು ಉದುರಿ ಗಾದಿ ಬೋಳಾಯಿತು. ಮಾಮ ಬೆಳಿಗ್ಗೆ ಎದ್ದವನೇ ಗಿಡದ ಮುಂದೆ ನಿಲ್ಲುತ್ತಿದ್ದ, ಸಂಜೆ ಬಂದವನೇ ಮತ್ತೆ ಅಲ್ಲೇ. ಅತ್ತೆ ಅದರ ಕೊಂಬೆ ಸವರಿ ಕಣ್ಣೀರು ಹಾಕುತ್ತಿದ್ದಳು. ಬಂಗಲೆಯ ಮುಂದಿನ ಗಿಡ ಮಾತ್ರ ಏನೂ ಆಗದಂತೆ ಹೂ ಬಿಟ್ಟುಕೊಂಡು ನಿಂತಿತ್ತು. ಇದನ್ನು ನಾನು ಗಮನಿಸಿದೆ. ಅದರಿಂದ ಏನನ್ನೂ ಊಹಿಸಲಿಲ್ಲ.

ಬಾ ಬಂದ ದಿನ

ಬಾ ಟ್ಯಾಕ್ಸಿ ಇಳಿದು ನೇರ ಹಿಂದಕ್ಕೆ ಬಂದರು. ಗಿಡವನ್ನು ನೋಡಿದರು. ಒಂದು ಕೊಂಬೆ ಮುಟ್ಟಿದರು, ಅದು ಲಟ್ಟೆಂದು ಮುರಿಯಿತು. ಕೈಯಲ್ಲಿ ಹಿಡಿದ ಕೊಂಬೆಯನ್ನು ಆಕೆ ಕೆಳಗಿಡಲಿಲ್ಲ.

“ಯಾರು?”

ಮಾಮ ಕೆಮ್ಮಿದ. “ನಾವು ಮುಟ್ಟಿಲ್ಲ, ಬಾ. ನೀರು ಹಾಕೋನು ಮುತಿಸೊ.”

ಎರಡೇ ಮಾತು. ಅದರಲ್ಲಿ ಒಂದು ಸುಳ್ಳು, ಒಂದು ನಿಜ. ನಿಜವನ್ನು ಇಟ್ಟ ಜಾಗ ನೋಡಿ.

ಬಾ ಮುತಿಸೊನ ಪುಸ್ತಿಕೆಗೆ ಕೈ ಚಾಚಿದರು. ನಾನು ಮುಂದೆ ಬಂದೆ. ಕಂಡವರು ಯಾರು ಎಂದು ಕೇಳಿದೆ. ವರ್ಷಗಳಿಂದ ಎರಡೂ ಗಿಡ ಸಾಕಿದವನಿಗೆ ಒಂದನ್ನು ಕೊಂದು ಏನು ಲಾಭ ಎಂದು ಕೇಳಿದೆ. ಕೊಲ್ಲುವವನು ಬಂಗಲೆಯ ಮುಂದಿನ ಗಿಡ ಏಕೆ ಬಿಟ್ಟ ಎಂದು ಕೇಳಿದೆ. ಇಷ್ಟು ಚೊಕ್ಕವಾಗಿ ನಾನು ಯಾವ ಸ್ಪರ್ಧೆಯಲ್ಲೂ ಮಾತಾಡಿಲ್ಲ. ನಾನು ಗೆದ್ದಿದ್ದೆ. ಬಾ ಪುಸ್ತಿಕೆ ತೆಗೆದುಕೊಂಡು ಕೆಲಸ ಮುಗಿಯಿತು ಎಂದು ಬರೆದು ತಮ್ಮ ಸಹಿಯ ಮೇಲೆ ಗೀಟು ಎಳೆದರು.

ಗೆದ್ದ ಮೇಲೂ ಹೀಗಾಗಬಹುದು ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮುತಿಸೊ ಹೇಳಿದ್ದು ಇಷ್ಟೇ: “ಬಾ, ಆ ಮಣ್ಣು ಮೂಸಿ ನೋಡಿ.” ಬಾ ಬಗ್ಗಲಿಲ್ಲ. ಅತ್ತೆ ಒಳಗೆ ಹೋದಳು. ಅವನು ಗೇಟಿನ ಹತ್ತಿರ ನಿಂತು ನನ್ನತ್ತ ತಿರುಗಿ, “ನನ್ನ ಹೆಂಡತಿಯನ್ನು ಹಡಗಿಗೆ ಹತ್ತಿಸುವುದಿಲ್ಲ, ಮೆಮ್‌ಸಾಬ್” ಎಂದು ಹೋದ.

ಅವನು ಹೋದ ಮೇಲೆ ನಾನು ಬಗ್ಗಿದೆ. ಒಂದು ಹಿಡಿ ಹರಳು ತೆಗೆದು ಮೂಸಿದೆ. ಸಮುದ್ರದಾಚೆ, ಪರದೇಶದಲ್ಲಿ, ಔರಾದದ ಹಿತ್ತಿಲು ನನ್ನ ಅಂಗೈಯಲ್ಲಿತ್ತು. ಸಗಣಿ, ನೆನೆದ ಶೇಂಗಾ ಹಿಂಡಿ. ಹರಳಿನ ನಡುವೆ ಬಿಳಿ ಕಾಳುಗಳೂ ಇದ್ದವು. ಬಾ ಗುಲಾಬಿಗೆಂದು ಅಂಗಡಿಯಿಂದ ತಂದಿಟ್ಟಿದ್ದ ಗೊಬ್ಬರದ ಪುಡಿ.

ಅಡುಗೆಮನೆಯಲ್ಲಿ ಅತ್ತೆ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು.

“ಅತ್ತಿ, ಯಾವಾಗ ಹಾಕ್ತಿದ್ದಿ?”

ಬಡಿತ ನಿಲ್ಲಲಿಲ್ಲ. “ಮುಂಜಾನಿ. ಅಂವ ಬರೋಕಿಂತ ಮೊದಲು. ಪಕ್ಕದ ಮನಿಯವರು ಆಕಳ ಸಾಕ್ಯಾರಲ್ಲ, ಸಗಣಿ ಕೊಡ್ತಿದ್ರು.”

“ಎಲಿ ಹಳದಿ ಆದ ಮ್ಯಾಲೂ ಹಾಕಿದೇನ?”

“ಇನ್ನಷ್ಟು ಹಾಕ್ದೆ. ಬಾಡ್ಲಾಕತ್ತಿತ್ತು, ಪುಡಿ ಸೈತ ಹಾಕ್ದೆ.” ಈಗ ತಿರುಗಿದಳು. “ಹಸಿದದ್ದಕ್ಕ ಉಣಸೋದು ತಪ್ಪೇನ? ನೀನೇ ಹೇಳು ವಕೀಲಬಾಯಿ, ತಪ್ಪೇನ?”

“ಉಣಸಿದ್ದು ಇರ್ಲಿ. ಅಂವಗ ಕೆಲಸದಿಂದ ತಗಿಯುವಾಗ ಸುಮ್ಮಕ ಯಾಕ ನಿಂತಿ?”

ಉತ್ತರ ಬಾಗಿಲಿಂದ ಬಂತು. ಮಾಮ ನಿಂತಿದ್ದ. “ನಾನೇ ಸುಮ್ಮಕಿರು ಅಂದಿದ್ದೆ. ಬಾ ಅವರಿಗಿ ಗೊತ್ತಾದ್ರ ನಾಳಿಗಿ ಮನಿ ಬಿಡಬೇಕು. ಇಷ್ಟು ವರ್ಷಕ್ಕ ಸಂಸಾರ ಅಂತ ಒಂದು ಆಗ್ಲಾಕತ್ತದ. ಮುತಿಸೊಗೇನು, ಇನ್ನೊಂದು ಮನಿ ಸಿಗ್ತದ.”

“ಸಹಿ ಇಲ್ಲಾರದ ಪುಸ್ತಕಕ್ಕ?”

ಮಾಮ ಅಂಗಿ ಬಿಚ್ಚತೊಡಗಿದ. ಮಾತು ಮುಗಿಯಿತು ಎಂದು ಅವನು ಹೇಳುವ ರೀತಿ ಅದು.

ಮರುದಿನ ನೆರೆಮನೆಯ ಅಡುಗೆಯವನನ್ನು ವಿಚಾರಿಸಿದೆ. ಮುತಿಸೊನನ್ನು ಸಂತೆಯ ಹತ್ತಿರ ಪೊಲೀಸರು ಹಿಡಿದು ಮಚಾಕೋಸಿನ ಬಸ್ಸಿಗೆ ಹತ್ತಿಸಿದ್ದರಂತೆ. ಮಾಮನನ್ನು ಕೇಳದೆ ನಾನು ನೇರ ಬಂಗಲೆಗೆ ಹೋಗಿ ಬಾ ಮುಂದೆ ಎಲ್ಲ ಹೇಳಿದೆ. ಮನೆ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ.

ಬಾ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತಲಿಲ್ಲ.

“ನನಗೆ ಗೊತ್ತು, ಬೇಟಿ. ನನಗೂ ಮೂಗಿದೆ. ಗುಲಾಬಿ ಗೊಬ್ಬರದ ಡಬ್ಬಿಯೂ ಬರಿದಾಗಿದೆ. ಅದನ್ನು ತಿಂದರೆ ಈ ಗಿಡ ಬದುಕದು, ಬಡ ಮಣ್ಣಿನದು, ನನ್ನ ಯಜಮಾನರು ಹೇಳುತ್ತಿದ್ದರು.”

“ಗೊತ್ತಿದ್ದೂ ಅವನನ್ನು ಕಳಿಸಿದಿರಾ?”

“ನಿನ್ನ ಅತ್ತೆಯನ್ನು ಕಳಿಸಿದರೆ ಇಲ್ಲಿನ ನಮ್ಮವರೆಲ್ಲ ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ. ಹೊಸದಾಗಿ ಬಂದ ಹೆಣ್ಣುಮಗಳನ್ನು ಹೊರಹಾಕಿದಳು ಎಂದು. ಅವನನ್ನು ಕಳಿಸಿದರೆ ಯಾರು ಮಾತಾಡುತ್ತಾರೆ?” ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು. “ನೀನು ಮಾತಾಡಿದೆ. ಚೆನ್ನಾಗಿ ಮಾತಾಡಿದೆ.”

ಇಂಥ ಪ್ರಶಂಸೆ ಯಾರಿಗೂ ಸಿಗದಿರಲಿ. ಅವನನ್ನು ಮರಳಿ ಕರೆಸಿ ಎಂದೆ. ಹೊಸಬ ನಾಳೆ ಬರುತ್ತಾನೆ ಎಂದರು.

ಮೈಸೂರು

೧೯೫೬ರ ನವೆಂಬರಿನ ಮೊದಲ ವಾರ ಮಾಮ ಕಚೇರಿಯಿಂದ ಸುದ್ದಿ ತಂದ. ಹೈದರಾಬಾದ್ ರಾಜ್ಯ ಇನ್ನಿಲ್ಲ. ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಸೇರಿವೆ. ನನ್ನ ಕೈಯಲ್ಲಿದ್ದ ಪಾಸ್‌ಪೋರ್ಟಿನಲ್ಲಿ ಹೈದರಾಬಾದ್ ಎಂದೇ ಇತ್ತು. ಇಲ್ಲದ ರಾಜ್ಯದ ಹೆಸರು ಹಿಡಿದು ಪರದೇಶದಲ್ಲಿ ನಿಂತಿದ್ದೆ. ಮೈಸೂರಿನಲ್ಲಿ ನಮ್ಮ ಮಾತು ಯಾರಿಗಾದರೂ ತಿಳಿಯುತ್ತದೆಯೇ ಎಂದು ಒಂದು ಚರ್ಚೆ ಹುಟ್ಟಿಸಲು ನೋಡಿದೆ. ಅತ್ತೆಯ ಚಿಂತೆ ಬೇರೆ ಇತ್ತು.

“ಉದಗೀರದಾಗ ನನ್ನ ತಂಗಿ ಅದಾಳಲ್ಲ, ಆಕಿನೂ ಮೈಸೂರಕೇನ?”

“ಇಲ್ಲ. ಉದಗೀರ ಮುಂಬೈ ಕಡಿಗಿ ಹೋಯ್ತು,” ಎಂದ ಮಾಮ.

“ಔರಾದದಿಂದ ಉದಗೀರ ಎಷ್ಟು ದೂರ್ರಿ? ಇನ್ನ ತಂಗಿ ಮನಿಗಿ ಹೋಗ್ಲಾಕ ಚೀಟಿ ಬೇಕೇನ? ಮುತಿಸೊಗ ಬೇಕಾಗ್ತಿತ್ತಲ್ಲ, ಹಂಗ...”

ಬಾಗಿಲಿನ ಮೊಳೆಯಲ್ಲಿ ತಗಡಿನ ಮಗ್ಗು ಇನ್ನೂ ತೂಗುತ್ತಿತ್ತು. ಹೊಸ ಮಾಲಿಗೆ ಅವಳು ಬೇರೆ ಮಗ್ಗು ತಂದಿದ್ದಳು. ಮೂವರೂ ಅತ್ತ ನೋಡಿದೆವು, ಮೂವರೂ ಬೇರೆ ಕಡೆ ನೋಡಿದೆವು.

ಮುಂದಿನ ವಾರ ಅತ್ತೆ ಗಂಟು ಕಟ್ಟಿದಳು. ಇಲ್ಲಿ ನಿದ್ದೆ ಬರುವುದಿಲ್ಲ, ಊರಿಗೆ ಹೋಗುತ್ತೇನೆ ಎಂದಳು. ಮಾಮ ಬೇಡಿಕೊಂಡ, ಸಿಟ್ಟಾದ, ಕಡೆಗೆ ತಾನೇ ಹಡಗಿನ ಟಿಕೆಟ್ಟು ತಂದ. ಯಾವ ಮನೆ ಉಳಿಸಿಕೊಳ್ಳಲು ಒಬ್ಬನನ್ನು ಬಸ್ಸು ಹತ್ತಿಸಿದೆವೋ ಆ ಮನೆಯಲ್ಲಿ ಕೊನೆಗೆ ಸಂಸಾರ ಆಗಲಿಲ್ಲ. ಹೊರಡುವಾಗ ಬಾ ಅತ್ತೆಯ ಸೆರಗಿಗೆ ಒಂದು ಹಿಡಿ ಬೀಜ ಹಾಕಿದರು, ಬಂಗಲೆಯ ಮುಂದಿನ ಗಿಡದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಔರಾದ

ಕಳೆದ ವಾರ ಔರಾದಕ್ಕೆ ಹೋಗಿದ್ದೆ. ಅತ್ತೆ ಈಗ ತವರಿನಲ್ಲೇ ಹೆಚ್ಚು. ಹಿತ್ತಿಲಿನಲ್ಲಿ ಓಣಿಯ ಹೆಂಗಸರು ಕೂತು ಶೇಂಗಾ ಒಡೆಯುತ್ತಿದ್ದರು. ಒಬ್ಬಾಕೆ ಹಳೆಯ ಕಥೆ ಎತ್ತಿದಳು. ಅತ್ತೆ ಕೈ ನಿಲ್ಲಿಸದೆ, “ಮಾಲಿ ವಿಷ ಹಾಕಿದ್ನವ್ವಾ. ಏನ್ ಮಾಡೋದು, ಹೊಟ್ಟಿಕಿಚ್ಚು” ಎಂದಳು. ಎಲ್ಲರೂ ಚ್ ಚ್ ಎಂದರು.

ನಾನು ಹಿತ್ತಿಲು ನೋಡುತ್ತಿದ್ದೆ. ಬದನೆಗೆ ಗೊಬ್ಬರ, ಮಲ್ಲಿಗೆಗೆ ಗೊಬ್ಬರ, ನಿಂಬೆಯ ಬುಡದಲ್ಲಿ ಹಿಂಡಿ. ಮೂಲೆಯಲ್ಲಿ ಮಾತ್ರ ಒಂದು ಕೆಂಪು ಮಡಿ. ಬೀದರದಿಂದ ಬಂಡಿಯಲ್ಲಿ ತರಿಸಿದ ಕೆಂಪು ಕಲ್ಲಿನ ಹರಳು, ಸುತ್ತ ಕಲ್ಲಿನ ಕಟ್ಟೆ, ಪಕ್ಕದ ಗೊಬ್ಬರದ ನೀರು ಹರಿದು ಬರಬಾರದೆಂದು. ನಡುವೆ ಒಂದು ಗೇಣುದ್ದದ ಗಿಡ, ಎಲೆಯ ತುದಿಯಲ್ಲಿ ಕೆಂಪು ಹಲ್ಲು. ಹಿಡಿ ಬೀಜದಲ್ಲಿ ಎದ್ದದ್ದು ಇದೊಂದೇ ಅಂತೆ. ನೆರೆಯಾಕೆ ಎದ್ದು ಬುಟ್ಟಿಯಲ್ಲಿ ಉಳಿದ ಸಗಣಿಯನ್ನು ಆ ಮಡಿಗೆ ಸುರಿಯಲು ಹೋದಳು.

“ಏ, ಅದಕ ಬ್ಯಾಡ! ಅದಕ ಏನೂ ಹಾಕಬ್ಯಾಡ!” ಅತ್ತೆ ಮಡಿಲಿನ ಶೇಂಗಾ ಚೆಲ್ಲಿ ಓಡಿ ಅವಳ ಕೈ ಹಿಡಿದಳು.

ಹೆಂಗಸರೆಲ್ಲ ತಿರುಗಿ ನೋಡಿದರು. ನಾನು ಎದ್ದು ನಿಂತೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದೆ.

“ಅತ್ತಿ, ಆ ಗಿಡಕ್ಕ ಮುತಿಸೊನೇ ವಿಷ ಹಾಕಿದ್ದು ಖರೇ ಆದ್ರ, ಈ ಗಿಡಕ್ಕ ನೀ ಗೊಬ್ಬರ ಯಾಕ ಹಾಕವಲ್ಲಿ?”